ಥಮ್ ಮತ್ತು ತಮ್ಮಾ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವಾಗ ಒಂದು ವಾಸನೆ ಬರುತ್ತದೆ. ಹುಳಿಯೂ ಹೌದು, ಲೋಹದ್ದೂ ಹೌದು, ನಡುವೆ ಎಲ್ಲೋ ಒಂದಿಷ್ಟು ಹಸಿ ಮಣ್ಣಿನದೂ ಇರುತ್ತದೆ. ಹಬ್ಬದ ಮುಂದೆ ನಿಮ್ಮ ಮನೆಯಲ್ಲೂ ಬಂದಿರಬೇಕು. ಅದು ಮೂಗಿಗೆ ಬಡಿದರೆ ಸರಿಯಾದ ಮನುಷ್ಯನಿಗೆ ದೇವರ ಜಗಲಿ ನೆನಪಾಗಬೇಕು, ಇಲ್ಲವೇ ಹೋಳಿಗೆ ನೆನಪಾಗಬೇಕು. ನನಗೆ ಬ್ಯೂಗಲ್ ನೆನಪಾಗುತ್ತದೆ. ಈಗ ಹಿತ್ತಲಲ್ಲಿ ಅವ್ವ ಕೊಡ, ದೀಪದ ಸಮೆ, ಗಿಂಡಿಗಳನ್ನು ಸುತ್ತ ಹರವಿಕೊಂಡು ಕೂತಿದ್ದಾಳೆ. ತಿಕ್ಕುವುದು ಅವಳ ಕೆಲಸ, ನೀರು ಹಾಕುವುದು ನನ್ನದು. ಚರಿಗೆ ಹಿಡಿದು ನಿಂತಲ್ಲೇ ನನ್ನ ಎಡಗಾಲು ತನ್ನಷ್ಟಕ್ಕೆ ತಾನೇ ಏಳುವುದು, ಬೀಳುವುದು ಮಾಡುತ್ತಿದೆ. ಅವ್ವ ಒಮ್ಮೆ ಕಾಲಿನ ಕಡೆ ನೋಡಿದಳು. ಅವಳ ಹೆಬ್ಬೆರಳೂ ಕೊಡದ ಕಂಠದ ಮೇಲೆ ಅದೇ ತಾಳದಲ್ಲಿ ಓಡಾಡುತ್ತಿತ್ತು. ನನ್ನನ್ನು ಬೈಯಲು ಅವಳಿಗೆ ಮುಖವಿರಲಿಲ್ಲ.

ಈ ಕಾಲಿನ ಕತೆ ಹೇಳಬೇಕೆಂದರೆ ಮೊದಲು ನನ್ನ ಸ್ವಭಾವ ಹೇಳಬೇಕು. ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮೂರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಸಂಜೆ ಶಟರ್ ಎಳೆದು ಕೀಲಿ ಹಾಕಿ ಮನೆಗೆ ಬರುತ್ತೇನೆ. ಚಪ್ಪಲಿ ಬಿಡುವ ಮೊದಲೇ ಕೀಲಿ ಹಾಕಿದೆನೋ ಇಲ್ಲವೋ ಎಂಬ ಸಂಶಯ ಬಂದು ತಿರುಗಿ ಹೋಗುತ್ತೇನೆ. ಹಾಕಿರುತ್ತೇನೆ. ಬಂದ ಮೇಲೆ, ಜಗ್ಗಿ ನೋಡುವಾಗ ಅದು ಸಡಿಲಾಗಿರಬಹುದೇ ಎಂಬ ಎರಡನೆಯ ಸಂಶಯ ಬರುತ್ತದೆ. ಗಿರಾಕಿಗಳು ಕಡಿಮೆಯಾದರೆ ಅಂಗಡಿ ಮುಳುಗಿತು ಎಂದು ಚಿಂತೆ, ಹೆಚ್ಚಾದರೆ ಯಾರ ದೃಷ್ಟಿ ತಾಗೀತು ಎಂದು ಚಿಂತೆ. ಇದನ್ನು ನಾನು ಕಷ್ಟಪಟ್ಟು ಗಳಿಸಿದ್ದಲ್ಲ, ಅವ್ವನಿಂದ ಬಂದದ್ದು. ನನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅವಳು ಹಿಂದಿನಿಂದ ಬಗ್ಗಿ, “ತಮ್ಮಾ, ಕಣ್ಣ ಮುಚ್ಚಿಕೋ, ಅಕ್ಕಿ ಬಡೀತಾವು” ಅಂದಿದ್ದಳು. ಹಾಗಾಗಿ ನನ್ನ ಮದುವೆಯ ಒಳ್ಳೆಯ ಫೋಟೋದಲ್ಲಿ ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ, ನಾನು ಮಾತ್ರ ಯಾರನ್ನೂ ನೋಡುತ್ತಿಲ್ಲ.

ತಮ್ಮಾ ಎಂದರೆ ನಾನೇ. ನಮ್ಮ ಕಡೆ ತಾಯಂದಿರು ಮಗನನ್ನು ಹಾಗೆಯೇ ಕರೆಯುತ್ತಾರೆ. ಅವನಿಗೆ ಅಕ್ಕ ಇರಲಿ ಬಿಡಲಿ, ಮೀಸೆ ಬರಲಿ, ಬಂದ ಮೀಸೆ ಬೆಳ್ಳಗಾಗಲಿ, ಅವನು ತಮ್ಮನೇ. ಬಸವರಾಜ ಎಂಬ ಹೆಸರು ನನಗೂ ಇದೆ. ಅದು ಆಧಾರ ಕಾರ್ಡಿನಲ್ಲಿ, ಅಂಗಡಿಯ ಬೋರ್ಡಿನ ಮೂಲೆಯಲ್ಲಿ, ತಲಾಠಿ ಕಚೇರಿಯಲ್ಲಿ ಕೆಲಸ ಮಾಡುತ್ತದೆ. ಮನೆಯೊಳಗೆ ಅದಕ್ಕೆ ಕೆಲಸವಿರಲಿಲ್ಲ.

ಬ್ಯಾಂಡು ನನ್ನ ಜೀವನದೊಳಗೆ ಬಂದದ್ದು ಬಟ್ಟೆಯ ದಾರಿಯಿಂದ. ನನ್ನ ಮಗಳು ಶೈಲಾ ಓದುತ್ತಿದ್ದ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಬ್ಯಾಂಡ್ ಪಥಕ, ಅಂದರೆ ತಂಡ, ಕಟ್ಟುತ್ತಾರೆ ಎಂದು ಸುದ್ದಿಯಾಯಿತು. ಒಂದು ಮಧ್ಯಾಹ್ನ ಅಲ್ಲಿಯ ಕವಾಯತು ಕಲಿಸುವ ದಸ್ತಗೀರ ಮಾಸ್ತರರು ಅಂಗಡಿಗೆ ಬಂದರು. ಫೌಜಿನಲ್ಲಿ ಇದ್ದು ಬಂದವರು. ಕೂತಾಗಲೂ ಯಾರೋ ಎದುರಿಗೆ ಧ್ವಜ ಏರಿಸುತ್ತಿದ್ದಾರೆ ಎಂಬಂತೆ ಬೆನ್ನು ನೆಟ್ಟಗಿರುತ್ತಿತ್ತು.

“ಶೇಠ, ಕೆಂಪು ಅರಬಿ ತೋರಸ್ರಿ. ಪಕ್ಕಾ ಕೆಂಪು. ದೂರದಿಂದ ನೋಡಿದವ್ರ ಎದಿ ಧಸಕ್ ಅನಬೇಕು.”

ನಾನು ತೋರಿಸಿದೆ. ಅವರು ಮುಷ್ಟಿಯಲ್ಲಿ ಹಿಂಡಿದರು, ಬಿಸಿಲಿಗೆ ಹಿಡಿದರು.

“ಬಣ್ಣ ಬಿಡತೈತೇನ್ರಿ?”

“ಇಲ್ರಿ ಮಾಸ್ತರ,” ಅಂದೆ. ಅಂದ ಕ್ಷಣದಿಂದಲೇ ಬಿಟ್ಟರೆ ಏನು ಗತಿ ಎಂದು ಚಿಂತೆ ಹತ್ತಿತು. ಬಿಳಿ ಪಟ್ಟಿ, ಕೆಂಪು ಅಂಗಿ, ಮೇಲೆ ಜತ್ತದ ಬಿಸಿಲು. ಬೆವರಿನಲ್ಲಿ ಹುಡುಗಿಯರೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ ಸಾಹೇಬರ ಎದುರು ನಡೆದುಹೋಗುವುದನ್ನು ನಾನು ಆ ರಾತ್ರಿಯೇ ಕನಸಿನಲ್ಲಿ ನೋಡಿದೆ.

ಶೈಲಾ ಪಥಕದ ಮುಂದಾಳಾದಳು. ಹಿತ್ತಾಳೆಯ ತಲೆಯ ಉದ್ದ ಕೋಲು ಹಿಡಿದು ಎಲ್ಲರ ಮುಂದೆ ನಡೆಯುವವಳು. ಅವಳಿಗೆ ತಾಳಜ್ಞಾನ ಇತ್ತೆಂದೇನೂ ಅಲ್ಲ. ಗಂಟಲಿತ್ತು. ಊಟಕ್ಕೆ ನನ್ನನ್ನು ಕರೆಯಲು ಅವಳು ಅಂಗಡಿಯ ತನಕ ಬಂದವಳಲ್ಲ, ಮನೆಯ ಕಟ್ಟೆಯ ಮೇಲೆ ನಿಂತೇ ಕರೆಯುತ್ತಿದ್ದಳು. ನಡುವೆ ಇದ್ದ ಮನೆಗಳವರೂ ಆ ಕರೆಗೆ ಕೈ ತೊಳೆದುಕೊಳ್ಳುತ್ತಿದ್ದರು. ದಸ್ತಗೀರ ಮಾಸ್ತರರಿಗೆ ಬೇಕಾದದ್ದೂ ಅದೇ. “ಬಾರಸಾವ್ರು ಬೇಕಾದಷ್ಟ ಸಿಗತಾರ್ರಿ. ಆರ್ಡರ್ ಕೊಡೋ ಗಂಟಲ ಸಿಗಂಗಿಲ್ಲ,” ಅನ್ನುತ್ತಿದ್ದರು. ಬೇರೆ ಶಾಲೆಗಳವರು ಶೀಟಿ ಊದಿಯೋ, ಕೋಲು ಎತ್ತಿಳಿಸಿಯೋ ಪಥಕ ನಡೆಸುತ್ತಿದ್ದರು. ಮಾಸ್ತರರಿಗೆ ಶೀಟಿ ಕಂಡರೆ ಆಗದು. “ಶೀಟಿ ಬಸ್ ಕಂಡಕ್ಟರ್ ಊದತಾನ್ರಿ. ಲೀಡರ್ ಬಾಯಿಲೆ ಹೇಳತಾನ.”

ಇಲ್ಲಿ ಒಂದು ಸಣ್ಣ ಶಾಸ್ತ್ರ ಹೇಳಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ. ಬ್ಯಾಂಡು ಗದ್ದಲದ ವಸ್ತು. ಅದರ ನಡುವೆ ಬಾಯಿಯ ಆದೇಶ ಕೇಳಬೇಕಾದರೆ ಗದ್ದಲ ಬಾಯಿ ಮುಚ್ಚಬೇಕು. ಅದಕ್ಕೇ ಮಾಸ್ತರರು ಸಂಚಲನದ ನಡುವೆ ಅಲ್ಲಲ್ಲಿ ಖಾಲಿ ಜಾಗ ಬಿಡಿಸಿದ್ದರು. ದೊಡ್ಡ ಡ್ರಮ್ ನಿಲ್ಲುತ್ತದೆ, ಬ್ಯೂಗಲ್ಲುಗಳು ಕೆಳಗಿಳಿಯುತ್ತವೆ, ಬರಿಯ ಹೆಜ್ಜೆಯ ಸಪ್ಪಳ ಉಳಿಯುತ್ತದೆ. ಆ ಖಾಲಿಯೊಳಗೆ ಮುಂದಾಳು ಫೌಜಿನ ಹಿಂದಿಯಲ್ಲಿ ಕೂಗುತ್ತಾಳೆ. ‘ದಾಹಿನೇ ಮುಡ್’ ಎಂದರೆ ಬಲಕ್ಕೆ ಹೊರಳು. ‘ಥಮ್’ ಎಂದರೆ ನಿಲ್ಲು. ಥಮ್ ಕಿವಿಗೆ ಬಿದ್ದ ಮೇಲೆ ಒಂದು, ಎರಡು ಎಂದು ಕಾಲು ಕೂಡಿಸಿ ಕಂಬದಂತಾಗಬೇಕು. ಯಾಕೆ, ಏನು ಎಂದು ವಿಚಾರ ಮಾಡಬಾರದು. “ವಿಚಾರ ಮಾಡಾಕ ಮನಿ ಐತಿ” ಎಂದು ಮಾಸ್ತರರು ಮಕ್ಕಳಿಗೆ ಹೇಳಿಟ್ಟಿದ್ದರು.

ಮೊದಲ ವರ್ಷ ತಾಲೂಕಿನ ಬ್ಯಾಂಡ್ ಸ್ಪರ್ಧೆಗೆ ಜತ್ತದ ಮೈದಾನಕ್ಕೆ ನಾನು ಹೋದದ್ದು ಮಗಳನ್ನು ನೋಡಲಿಕ್ಕೆ ಎಂದು ಊರೆಲ್ಲ ತಿಳಿದಿತ್ತು. ನಿಜವಾಗಿ ಹೋದದ್ದು ಬಟ್ಟೆಯನ್ನು ನೋಡಲಿಕ್ಕೆ. ಪಥಕ ಒಳಗೆ ಬಂದಾಗ ನನ್ನ ಕಣ್ಣು ಹುಡುಗಿಯರ ಕಂಕುಳ ಪಟ್ಟಿಗಳ ಮೇಲಿತ್ತು, ಕೆಂಪು ಇಳಿಯುತ್ತಿದೆಯೇ ಎಂದು. ಇಳಿಯಲಿಲ್ಲ. ಹೊಲಿಗೆ ನೋಡಿದೆ. ಸರಿಯಿತ್ತು. ಚಿಂತಿಸಲು ಏನೂ ಉಳಿಯದೆ ಒಂದು ಗಳಿಗೆ ಕೈ ಖಾಲಿಯಾದಂತಾಯಿತು. ಆಗಲೇ ಶೈಲಾ ‘ದಾಹಿನೇ ಮುಡ್’ ಅಂದಳು.

ನಾವು ಅರಿವೆ ಹರಿಯುವಾಗ ಕತ್ತರಿಯಿಂದ ಅಂಚಿಗೆ ಒಂದು ಕಚ್ಚು ಕೊಟ್ಟು ಎರಡೂ ಕೈಯಿಂದ ಎಳೆಯುತ್ತೇವೆ. ಬಟ್ಟೆ ಚಲೋ ಇದ್ದರೆ ದಾರದ ಮೇಲೆಯೇ ಹರಿಯುತ್ತ ಹೋಗುತ್ತದೆ, ಕೂದಲಿನಷ್ಟೂ ಆಚೀಚೆ ಆಗದು. ಅದರ ‘ಚರ್ರ್’ ಎಂಬ ಸಪ್ಪಳದಲ್ಲಿ ಒಂದು ಸುಖವಿದೆ. ನನ್ನ ಅಪ್ಪನೂ ಅದಕ್ಕಾಗಿಯೇ ಅಂಗಡಿ ಇಟ್ಟಿದ್ದನೋ ಏನೋ. ಆ ಹುಡುಗಿಯರ ಸಾಲು ಹೊರಳಿದ್ದು ಹಾಗೆ. ಎದುರಿಗೆ ಅಗಲವಾಗಿದ್ದ ಕೆಂಪು ಒಮ್ಮೆಲೇ ಒಂದು ಗೆರೆಯಾಯಿತು, ಮರುಕ್ಷಣ ಮತ್ತೆ ಅಗಲವಾಯಿತು. ಅದರ ಬೆನ್ನಿಗೆ ದೊಡ್ಡ ಡ್ರಮ್ ಬಿತ್ತು. ಅದು ಕಿವಿಗೆ ಬೀಳಲಿಲ್ಲ, ಹೊಟ್ಟೆಗೆ ಬಿತ್ತು. ನಾನು ಪಕ್ಕದವನ ತೋಳು ಹಿಡಿದುಕೊಂಡಿದ್ದೆ. ಅವನು ಕರಜಗಿಯ ಕಡೆಯ ಯಾರೋ ಅಪರಿಚಿತ. “ಬಿಡ್ರಿ ಅಣ್ಣಾರ,” ಅಂದ ಮೇಲೆ ಬಿಟ್ಟೆ.

ಅಂದಿನಿಂದ ನಾನು ಕೆಟ್ಟೆ. ಮಂದಿ ಕ್ರಿಕೆಟ್ಟಿಗೆ ಕೆಡುತ್ತಾರೆ, ಇಸ್ಪೀಟಿಗೆ ಕೆಡುತ್ತಾರೆ. ನಾನು ಶಾಲೆಯ ಹುಡುಗಿಯರ ಸಂಚಲನಕ್ಕೆ ಕೆಟ್ಟೆ. ನಮ್ಮ ಪಥಕವಷ್ಟೇ ಅಲ್ಲ, ಎದುರು ಪಥಕಗಳನ್ನೂ ನೋಡುವುದು ಹತ್ತಿತು. ಯಾರ ಸೈಡ್ ಡ್ರಮ್ ಓಡುತ್ತದೆ, ಯಾರ ಹಿತ್ತಾಳೆ ತಾಳದ ಝಾಂಜ ಹಿಂದೆ ಬೀಳುತ್ತದೆ, ಯಾವ ಊರಿನ ಮುಂದಾಳು ಮಾಡಗ್ಯಾಳದ ಕುರಿಯಂತೆ ಮೂಗು ಮೇಲೆ ಮಾಡಿ ನಡೆಯುತ್ತಾಳೆ, ಯಾವಳು ನೆಲದಲ್ಲಿ ಬಿದ್ದ ರೊಕ್ಕ ಹುಡುಕುವವಳಂತೆ ನಡೆಯುತ್ತಾಳೆ, ಇವೆಲ್ಲ ನನಗೆ ಬಾಯಿಪಾಠವಾದವು. ಸಂಜೆಯ ತಾಲೀಮಿನ ಹೊತ್ತಿಗೆ ಅಂಗಡಿಯಲ್ಲಿ ಕೂಡಲಾಗುತ್ತಿರಲಿಲ್ಲ. ಹೆಂಡತಿ ಮಹಾದೇವಿ ಗಲ್ಲೆಯ ಮೇಲೆ ಬಂದು ಕೂತು ಅನ್ನುತ್ತಿದ್ದಳು: “ಹೋಗ್ರಿ, ಹೋಗ್ರಿ. ಲಗ್ನ ಆದಾಗಿಂದ ನನ್ನ ಹೆಜ್ಜಿ ಎತ್ತಾಗ ಬೀಳತಾವು ಒಮ್ಮಿ ನೋಡಿಲ್ಲ.”

ಅವಳ ಮಾತಿಗಿಂತ ನನಗೆ ಬೇರೆ ಚಿಂತೆ ಇತ್ತು. ಹೆಣ್ಣುಮಕ್ಕಳ ಶಾಲೆ. ನಡುವಯಸ್ಸಿನ ಗಂಡಸು ದಿನವೂ ಅದರ ಗೋಡೆಗೆ ಒರಗಿ ನಿಂತರೆ ನೋಡಿದವರು ಏನೆಂದಾರು? ಮಗಳು ಒಳಗಿದ್ದಾಳೆ ಎಂದು ಹಣೆಯ ಮೇಲೆ ಬರೆದಿರುತ್ತದೆಯೇ? ಇದಕ್ಕೆ ನಾನು ಹುಡುಕಿದ ಉಪಾಯ ಅವ್ವ. ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ ಮುಂದೆ ಕೂಡಿಸಿದರೆ ನಾನು ತಾಯಿಯನ್ನು ತಿರುಗಾಡಿಸಲು ತಂದ ಸತ್ಪುತ್ರನಾಗುತ್ತೇನೆ. ಅವ್ವ ಮೊದಲು ಗೊಣಗಿದಳು. ಆಮೇಲೆ ನನಗಿಂತ ಮುಂಚೆ ಚಪ್ಪಲಿ ಮೆಟ್ಟಿ ಕಟ್ಟೆಯ ಮೇಲೆ ನಿಲ್ಲತೊಡಗಿದಳು. ಶೈಲಾಳ ಕೋಲಿನ ಹಿತ್ತಾಳೆಯ ತಲೆ ಮಂಕಾಗಿದೆ ಎಂದು ಮನೆಗೆ ತರಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮರುವಾರ ಬ್ಯೂಗಲ್ಲುಗಳೂ ಬಂದವು. ಸ್ಪರ್ಧೆ ಬಂತೆಂದರೆ ನಮ್ಮ ಹಿತ್ತಲಲ್ಲಿ ದೇವರ ಸಮೆಯ ಪಕ್ಕ ಬ್ಯೂಗಲ್ಲುಗಳ ಸಾಲು. ಯಾವುದು ದೇವರದು, ಯಾವುದು ಶಾಲೆಯದು ಎಂದು ಗುರುತು ಹತ್ತದಷ್ಟು ಎಲ್ಲವೂ ಹೊಳೆಯುತ್ತಿದ್ದವು.

ಮರುವರ್ಷದ ಸ್ಪರ್ಧೆ. ಶೈಲಾಳಿಗೆ ಅದು ಕೊನೆಯದು, ಮುಂದೆ ಹತ್ತನೆಯ ಇಯತ್ತೆಯ ಪರೀಕ್ಷೆ ಎಂದು ಪಥಕ ಬಿಡಿಸುವವರಿದ್ದರು. ಗೆದ್ದರೆ ಸಾಂಗಲಿಗೆ, ಜಿಲ್ಲಾ ಮಟ್ಟಕ್ಕೆ. ಪಥಕ ಮೈದಾನದ ನಡುವೆ ಬಂದಿತ್ತು. ನಾನು ಹಗ್ಗದ ಹತ್ತಿರ ನಿಂತಿದ್ದೆ. ಅವ್ವ ಹಿಂದೆ, ಹೆಣ್ಣುಮಕ್ಕಳ ನಡುವೆ, ಚಾದರದ ಮೇಲೆ ಕೂತಿದ್ದಳು. ಆದೇಶಕ್ಕಾಗಿ ಬಿಟ್ಟ ಖಾಲಿ ಜಾಗ ಬಂತು. ಡ್ರಮ್ ನಿಂತಿತು. ಬ್ಯೂಗಲ್ಲುಗಳು ಇಳಿದವು. ಹೆಜ್ಜೆಯ ಸಪ್ಪಳ ಮಾತ್ರ. ಶೈಲಾ ‘ದಾಹಿನೇ ಮುಡ್’ ಎನ್ನಲು ಉಸಿರು ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ, ಇಡೀ ಮೈದಾನಕ್ಕೆ ಕೇಳುವಂತೆ, ಆ ಗಂಟಲು ಮೊಮ್ಮಗಳಿಗೆ ಎಲ್ಲಿಂದ ಬಂದಿತ್ತೆಂಬುದು ಎಲ್ಲರಿಗೂ ತಿಳಿಯುವಂತೆ ಅವ್ವ ಕರೆದಳು:

“ತಮ್ಮಾ, ತಲಿ ಮ್ಯಾಲ ಟಾವೆಲ್ ಹಾಕ್ಕೊಳ್ಳೋ. ಬಿಸಲ ಹೊಡಿತೈತಿ.”

ನನಗೆ ತಲೆಯ ಮೇಲೆ ಕೂದಲು ಕಡಿಮೆ, ಅದು ಅವಳ ಹಳೆಯ ಚಿಂತೆ. ಆದರೆ ಪಥಕಕ್ಕೆ ಟಾವೆಲ್ಲಿನ ತನಕ ಕೇಳುವ ವ್ಯವಧಾನವಿರಲಿಲ್ಲ. ನಮ್ಮ ಕಡೆಯ ಬಾಯಿಯಲ್ಲಿ ಥ ಎಂಬ ಅಕ್ಷರ ಶುದ್ಧಲೇಖನಕ್ಕೆ ಮಾತ್ರ ಬರುತ್ತದೆ. ಮಾತಿನಲ್ಲಿ ತ, ಥ ಎರಡೂ ಒಂದೇ. ಇಡೀ ಪಥಕ ಒಂದು, ಎರಡು ಎಂದು ಕಾಲು ಕೂಡಿಸಿ ಕಂಬವಾಗಿ ನಿಂತುಬಿಟ್ಟಿತು. ಹೇಳಬೇಕೆಂದರೆ, ಅಷ್ಟು ಚೆಂದದ ನಿಲುಗಡೆ ನಾನು ಆ ಮೊದಲು ನೋಡಿರಲಿಲ್ಲ.

ನಿಲ್ಲದವಳು ಒಬ್ಬಳೇ. ಅಜ್ಜಿಯ ಆ ಕರೆ ಕಿವಿಗೆ ರೂಢಿ ಇದ್ದದ್ದು ಅವಳಿಗೆ ಒಬ್ಬಳಿಗೇ. ಶೈಲಾ ಮೂಗು ಮೇಲೆ ಮಾಡಿ, ಕೋಲು ಎತ್ತಿ, ತನ್ನ ಬೆನ್ನಿಗೆ ಯಾರೂ ಇಲ್ಲದ್ದು ತಿಳಿಯದೆ ನಡೆದಳು. ‘ದಾಹಿನೇ ಮುಡ್’ ಅಂದು ತಾನೊಬ್ಬಳೇ ಬಲಕ್ಕೆ ಹೊರಳಿದಳು. ಹೊರಳಿ, ಅತಿಥಿಗಳಾಗಿ ಬಂದ ಪಾಹುಣೇರು ಕೂತ ಮಂಟಪದ ಕಡೆ ನಡೆಯುತ್ತ ಹೋದಳು. ಹಿಂದೆ ಅಷ್ಟು ದೂರದಲ್ಲಿ ಕೆಂಪು ಕಂಬಗಳ ಸಾಲು, ಮುಂದೆ ಒಬ್ಬಳೇ ನನ್ನ ಮಗಳು. ಡ್ರಮ್ ಯಾಕೆ ಬೀಳಲಿಲ್ಲ ಎಂದು ಅವಳು ತಿರುಗಿ ನೋಡಿದಾಗ ಮಂದಿ ನಗಲು ಶುರು ಮಾಡಿದ್ದರು.

ದಸ್ತಗೀರ ಮಾಸ್ತರರು ನಿರ್ಣಾಯಕರ ಹತ್ತಿರ ಓಡಿದರು, ನಾನು ಅವರ ಹಿಂದೆ. ನಿರ್ಣಾಯಕರು ಮರಾಠಿಯವರು, ಕನ್ನಡದ ಗಾಳಿ ಇಲ್ಲದವರು. ಮಾಸ್ತರರು ತಮ್ಮ ಫೌಜಿನ ಹಿಂದಿ, ಮರಾಠಿ ಎಲ್ಲ ಕೂಡಿಸಿ, ಅದು ಆದೇಶವಲ್ಲ, ಒಬ್ಬ ತಾಯಿ ಮಗನನ್ನು ಕರೆದದ್ದು ಎಂದು ತಿಳಿಸಿದರು. ನಿರ್ಣಾಯಕರಿಗೆ ಮರುಕ ಬಂತು. ಕೂಸು ಕಳೆದಿದೆ ಎಂದು ತಿಳಿದರು.

“ಮುಲಗಾ ಸಾಪಡಲಾ ಕಾ?” ಹುಡುಗ ಸಿಕ್ಕನೇ ಎಂದು ಕೇಳಿದರು.

ಮಾಸ್ತರರು ನನ್ನನ್ನು ಮುಂದೆ ತಳ್ಳಿದರು. ನಿರ್ಣಾಯಕರು ನನ್ನ ತಲೆ ನೋಡಿದರು, ಹೊಟ್ಟೆ ನೋಡಿದರು. ಆಮೇಲೆ ಪೆನ್ನಿನ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ನಾವು ಸಾಂಗಲಿಗೆ ಹೋಗಲಿಲ್ಲ.

ಟೆಂಪೋದಲ್ಲಿ ತಿರುಗಿ ಬರುವಾಗ ಶೈಲಾ ಮುಖ ಹೊರಗೆ ಮಾಡಿ ಕೂತಿದ್ದಳು. ಅವ್ವ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಅದಕ್ಕೆ ಧೂಳು ಬೀಳಬಾರದೆಂದು ಸೆರಗು ಹೊದಿಸಿದ್ದಳು. ಮಾತಾಡುವುದು ನನ್ನ ಕೆಲಸವಾಗಿತ್ತು. ಆದರೆ ಯಾರ ಪಕ್ಷ ಹಿಡಿದರೂ ಇನ್ನೊಬ್ಬರು ಅಳುತ್ತಾರೆಂಬ ಚಿಂತೆಯಲ್ಲಿ ಊರೇ ಬಂದುಬಿಟ್ಟಿತು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಧ್ವನಿ ಬಂತು: “ಬಸವರಾಜ, ಚಾ ಆಗೇತಿ.”

ನಾನು ಹಿಂದೆ ತಿರುಗಿ ನೋಡಿದೆ. ಮನೆಗೆ ಯಾರೋ ಬಂದಿರಬೇಕು, ಯಾರೋ ಬಸವರಾಜ ಎಂಬುವರು. ನಮ್ಮ ಊರಲ್ಲಿ ಆ ಹೆಸರಿಗೆ ಬರವಿಲ್ಲ. ಅವ್ವ ಚಹಾ ತಂದು ನನ್ನ ಮುಂದೆಯೇ ಇಟ್ಟಳು. ಕುಡಿಯುವಾಗ ಯಾವುದೋ ಕಚೇರಿಯಲ್ಲಿ ಸರದಿಗೆ ಕೂತಂತೆನಿಸಿತು.

ಶೈಲಾಳ ಸಿಟ್ಟು ಬಹಳ ದಿನ ಬಾಳಲಿಲ್ಲ. ಆ ವಯಸ್ಸಿನ ಸಿಟ್ಟು ಹೊಸ ಅರಿವೆಯ ಗಂಜಿಯಂತೆ, ಒಂದೆರಡು ನೀರಿಗೆ ಹೋಗುತ್ತದೆ. ಒಬ್ಬಳೇ ನಡೆದುಹೋದ ಕತೆಯನ್ನು ಅವಳೇ ಗೆಳತಿಯರ ಮುಂದೆ ನಡೆದು ತೋರಿಸಿ ನಗಿಸತೊಡಗಿದಳು. ಆದರೆ ಅವ್ವನ ಬಾಯಿಯಲ್ಲಿ ಬಸವರಾಜ ಹೋಗಲಿಲ್ಲ. ಒಂದು ದಿನ ಮೊಮ್ಮಗಳೇ ಕೇಳಿದಳು:

“ಅಜ್ಜಿ, ಸಾಕ ಮಾಡ. ಪಪ್ಪಾಗ ತಮ್ಮಾ ಅನ್ನ. ನಾ ಏನ ಸಿಟ್ಟಾಗಿಲ್ಲ.”

“ನೀ ಸಿಟ್ಟಾಗೀದಿ ಅಂತ ಅಲ್ಲವಾ,” ಅವ್ವ ಜೋಳ ಹಸನು ಮಾಡುತ್ತಲೇ ಅಂದಳು. “ಮನ್ಯಾಗ ಬಾಯಿಗೆ ರೂಢಿ ಇತ್ತಂದ್ರ ಅಲ್ಲಿ ಮೈದಾನದಾಗೂ ಬರತೈತಿ. ಬಾಯಿ ನನ್ನ ಕೈಯಾಗ ಇರಂಗಿಲ್ಲ.”

“ಹಂಗಾರ ಮೈದಾನಕ್ಕ ಹೋಗಬ್ಯಾಡ.”

ಅವ್ವ ಮೊರ ಕೆಳಗಿಟ್ಟು ಅವಳನ್ನು ನೋಡಿದಳು. “ಹೋಗದ ಇರಾಕ ಆಗತೈತೇನ?”

ಬಾಗಿಲ ಈಚೆ ನಿಂತು ಇದನ್ನು ಕೇಳಿದ ನನಗೆ ಲೆಕ್ಕ ತಿಳಿಯಿತು. ಅವ್ವನ ಮುಂದೆ ಎರಡು ದಾರಿ ಇದ್ದವು. ಮಗನ ಹೆಸರು ಇಟ್ಟುಕೊಂಡು ಬ್ಯಾಂಡು ಬಿಡುವುದು, ಬ್ಯಾಂಡು ಇಟ್ಟುಕೊಂಡು ಮಗನ ಹೆಸರು ಬಿಡುವುದು. ಅವಳು ಬ್ಯಾಂಡು ಇಟ್ಟುಕೊಂಡಳು. ನನಗೂ ಒಂದು ದಾರಿ ಇತ್ತು. ನಾನು ಸ್ಪರ್ಧೆಗೆ ಹೋಗುವುದನ್ನು ಬಿಟ್ಟರೆ ಅವ್ವನಿಗೆ ಜೊತೆ ಇಲ್ಲದೆ ಅವಳೂ ಬಿಡುತ್ತಾಳೆ, ಹೆಸರು ಮನೆಗೆ ಬರುತ್ತದೆ. ಒಂದು ಸಂಜೆ ಗಟ್ಟಿ ಮನಸ್ಸು ಮಾಡಿ ಅಂಗಡಿಯಲ್ಲೇ ಕೂತೆ. ಶಾಲೆಯ ಕಡೆಯಿಂದ ದೊಡ್ಡ ಡ್ರಮ್ ಬಿತ್ತು. ಬಟ್ಟೆಯ ಥಾನುಗಳಿಗೆ ಧೂಳು ಬಂದಿದೆಯೇ ನೋಡುತ್ತೇನೆ ಎಂದು ಎದ್ದವನು ಶಾಲೆಯ ಗೋಡೆಯ ಹತ್ತಿರ ಹೋಗಿ ಮುಟ್ಟಿದೆ. ಅಲ್ಲಿ ಅವ್ವ ಮೊದಲೇ ಬಂದು ಕೂತಿದ್ದಳು. “ಬಾ ಬಸವರಾಜ, ಕುಂಡ್ರು,” ಅಂದಳು. ಕೂತೆ.

ಹೀಗೆ ತಾಯಿ ಮಗ ಇಬ್ಬರೂ ಪರಸ್ಪರರನ್ನು ಬಿಟ್ಟುಕೊಟ್ಟು ಬ್ಯಾಂಡು ಹಿಡಿದೆವು.

ದಸ್ತಗೀರ ಮಾಸ್ತರರೂ ಒಂದನ್ನು ಬಿಟ್ಟರು. ಮುಂದಿನ ತಾಲೀಮಿಗೆ ಅವರು ಕೊರಳಲ್ಲಿ ಶೀಟಿ ಹಾಕಿಕೊಂಡು ಬಂದರು. ಯಾರೂ ಅವರ ಕೊರಳಿನ ಕಡೆ ನೋಡಲಿಲ್ಲ. ತಾಲೀಮು ಮುಗಿಸಿ ಅವರು ನೇರವಾಗಿ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಅವ್ವನಿಗೆ ಹೇಳಿದರು: “ಅವ್ವಾರ, ಇನ್ನ ಬಾಯಿ ಆರ್ಡರ್ ಬಂದ್ ರೀ. ಶೀಟಿ ಊದಿದ್ರಷ್ಟ ನಿಂದರತಾರ. ನಿಮ್ಮ ಮಗನ್ನ ನೀವು ಏನ ಬೇಕಾದ್ದ ಅಂತ ಒದರ್ರಿ.”

ಅವ್ವ ಬೆಲ್ಲ ನೀರು ಕೊಟ್ಟಳು. ವಿಚಾರ ಮಾಡಿದಳು.

“ಶೀಟ್ಯಾಗ ಉಗುಳ ತುಂಬಿ ಊದದ ಹೋದ್ರ?”

“ಊದತೈತ್ರಿ.”

“ಹುಡುಗ್ಯಾರ ಕಿವ್ಯಾಗ ಹಳೇದ ಉಳದಿತ್ತಂದ್ರ?”

ಮಾಸ್ತರರು ನನ್ನ ಕಡೆ ನೋಡಿದರು. ಇವಳ ಮಗ ನೀವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ ಎಂಬಂತೆ ತಲೆಯಾಡಿಸಿ, ನೀರು ಕುಡಿದು ಎದ್ದರು.

ಶೈಲಾ ಶಾಲೆ ಮುಗಿಸಿದಳು. ಈಗ ಮಿರಜದಲ್ಲಿ ನರ್ಸಿಂಗ್ ಓದುತ್ತಾಳೆ. ಪಥಕದ ನೆನಪು ಅವಳಿಗೆ ಹಳೆಯ ಯುನಿಫಾರ್ಮಿನಷ್ಟೇ. ಎಲ್ಲೋ ಇದೆ, ಈಗ ಹಿಡಿಸುವುದಿಲ್ಲ. “ಪಪ್ಪಾ, ನೀ ಇನ್ನೂ ಹೊಂಟೀದಿ? ನಾ ಇಲ್ಲಲ್ಲ ಅಲ್ಲಿ,” ಎಂದು ಫೋನಿನಲ್ಲಿ ನಗುತ್ತಾಳೆ. ಅವಳು ಇದ್ದಾಗಲೂ ನಾನು ಅವಳನ್ನು ನೋಡುತ್ತಿರಲಿಲ್ಲ, ಸಾಲು ನೋಡುತ್ತಿದ್ದೆ ಎಂದು ಮಗಳಿಗೆ ಹೇಳುವುದು ಹೇಗೆ? ಮೈದಾನದಲ್ಲಿ ಪಕ್ಕದ ಪಾಲಕರು, “ನಿಮ್ಮಾಕಿ ಯಾವಾಕ್ರಿ?” ಎಂದು ಕೇಳುತ್ತಾರೆ. ನಮ್ಮಾಕಿ ಯಾರೂ ಇಲ್ಲ ಎಂದರೆ ಸ್ವಲ್ಪ ಸರಿದು ಕೂಡುತ್ತಾರೆ. ಆಗ ನಾನು ಅವ್ವನ ಕಡೆ ಕೈ ಮಾಡಿ, “ನಮ್ಮಾಕಿ ಇಕೀನ ರೀ,” ಅನ್ನುತ್ತೇನೆ. ಪಥಕ ಮೈದಾನಕ್ಕೆ ಇಳಿಯಿತೆಂದರೆ ಅವಳು ಸೆರಗಿನ ತುದಿಯನ್ನು ಉಂಡೆ ಮಾಡಿ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ, ಮುಗಿಯುವ ತನಕ ಬಿಡುವುದಿಲ್ಲ. ಶೀಟಿಯ ಮೇಲೆ ನಡೆಯುವ ಪಥಕ ಅದು. ಅವಳು ಸೆರಗು ಕಚ್ಚುವುದು ಮಾತ್ರ ಇನ್ನೂ ಬಾಯಿ ಆರ್ಡರಿನ ಕಾಲದ ಹೆದರಿಕೆಗೆ.

ಈ ಸಲದ ಸ್ಪರ್ಧೆಗೂ ಹೋದೆವು. ಜತ್ತದ ಅದೇ ಮೈದಾನ. ಒಂದು ಬದಿಗೆ ನೀರಿನ ಪೈಪು ಹಾಕಲು ಉದ್ದಕ್ಕೂ ಅಗೆದು ಬಿಟ್ಟಿದ್ದರು, ಮನುಷ್ಯ ಇಳಿದರೆ ಎದೆಮಟ್ಟದ ತೆಗ್ಗು. ಬಂದ ತಕ್ಷಣ ನಾನು ಅದನ್ನು ನೋಡಿದೆ, ನನ್ನ ಕಣ್ಣಿಗೆ ಮೊದಲು ಬೀಳುವುದೇ ಅಂಥವು. ಅವ್ವನಿಗೆ ತೋರಿಸಿದೆ, ಗುರುತಿಲ್ಲದವರ ಮಕ್ಕಳನ್ನೂ ಹಿಂದೆ ಸರಿಸಿದೆ, ವ್ಯವಸ್ಥಾಪಕರಿಗೆ ಹೋಗಿ ಹೇಳಿ ಅವರ ಬೇಸರವನ್ನೂ ಗಳಿಸಿದೆ. ಆಮೇಲೆ ನಮ್ಮ ಪಥಕ ಒಳಗೆ ಬಂತು.

ಈ ವರ್ಷದ ಹುಡುಗಿಯರು ಬೇರೆಯೇ. ಹಿಂದಿನ ಸಾಲು ಹೊರಳುವಾಗ ಯಾವಾಗಲೂ ಒಂದು ಎಳೆ ಸಡಿಲಾಗುತ್ತಿತ್ತು, ಇಷ್ಟು ವರ್ಷ ಅದನ್ನೇ ನೋಡುತ್ತ ಬಂದಿದ್ದೆ. ಅದು ಈ ಸಲ ಹೇಗಾಗುತ್ತದೆಂದು ನೋಡಲು ಹಗ್ಗದ ಹೊರಗಿನಿಂದ ಅವರ ಜೊತೆಗೇ ನಡೆಯತೊಡಗಿದೆ. ಮುಖ ಬಲಕ್ಕೆ, ಕಾಲು ಮುಂದಕ್ಕೆ. ಎಡ, ಬಲ. ಮಂದಿ ದಾರಿ ಬಿಟ್ಟರು. ನಾನು ಅವರ ತಾಳಕ್ಕೆ ನಡೆಯುತ್ತಿದ್ದೇನೆ ಎಂಬುದೂ ನನಗೆ ತಿಳಿದಿರಲಿಲ್ಲ. ಖಾಲಿ ಜಾಗ ಬಂತು. ಡ್ರಮ್ ನಿಂತಿತು. ಹುಡುಗಿ ಶೀಟಿ ಬಾಯಿಗಿಟ್ಟಳು.

“ತಮ್ಮಾ.”

ಪಥಕ ನಿಲ್ಲಲಿಲ್ಲ. ನಾನು ನಿಂತೆ.

ಒಂದು, ಎರಡು. ಕಾಲು ಕೂಡಿಸಿ ನಿಂತು ಕೆಳಗೆ ನೋಡಿದರೆ ಹೆಬ್ಬೆರಳ ಮುಂದೆ ನೆಲವಿರಲಿಲ್ಲ. ಬೆಳಿಗ್ಗೆಯಿಂದ ಎಲ್ಲರಿಗೂ ತೋರಿಸುತ್ತ ತಿರುಗಿದ ಅದೇ ತೆಗ್ಗು. ಅಂಚಿನ ಮಣ್ಣು ಸ್ವಲ್ಪ ಕುಸಿದು ಒಳಗೆ ಬಿತ್ತು, ಬಿದ್ದ ಸಪ್ಪಳ ಕೆಳಗಿನಿಂದ ಬಂತು. ಜನ್ಮದಲ್ಲಿ ಮೊದಲ ಸಲ ನಾನು ಚಿಂತೆ ಮಾಡುವುದನ್ನು ಮರೆತಿದ್ದೆ. ಮರೆತ ಆ ಒಂದು ಗಳಿಗೆಗೇ ತೆಗ್ಗು ಬಂದು ಕಾದಿತ್ತು.

ತಿರುಗಿ ಅವ್ವನನ್ನು ನೋಡಿದೆ. ಅವಳು ಎದ್ದು ನಿಂತಿದ್ದಳು, ಸೆರಗು ಬಾಯಿಂದ ಬಿದ್ದು ಜೋತಾಡುತ್ತಿತ್ತು. ನನ್ನ ಕಡೆ ನೋಡುತ್ತಿದ್ದಾಳೆಂದು ತಿಳಿದೆ. ನೋಡುತ್ತಿದ್ದದ್ದು ಪಥಕವನ್ನು. ಕೈ ಎದೆಯ ಮೇಲೆ, ಕಣ್ಣು ಆ ಹುಡುಗಿಯರ ಕಾಲುಗಳ ಮೇಲೆ. ಕಾಲುಗಳು ನಡೆಯುತ್ತಿದ್ದವು. ಶೀಟಿ ಊದಿತು, ಸಾಲು ಹೊರಳಿತು, ಹಿಂದಿನ ಎಳೆಯೂ ಸಡಿಲಾಗದೆ ಚರ್ರೆಂದು ದಾರದ ಮೇಲೆಯೇ ಹೋಯಿತು. ದೊಡ್ಡ ಡ್ರಮ್ ಬಿತ್ತು. ಆಮೇಲೆ ಅವ್ವ ನನ್ನನ್ನು ನೋಡಿದಳು. ನಾನು ಹತ್ತಿರ ಹೋದೆ.

“ಶೀಟಿ ಚಲೋ ಐತಿ,” ಅಂದಳು.

ಅಷ್ಟೇ. ನನ್ನ ಬಗ್ಗೆ ಏನೂ ಇಲ್ಲ. ಟೆಂಪೋದಲ್ಲಿ ಬರುವಾಗ ಕಿಟಕಿಯ ಗಾಳಿ ಬಡಿಯಿತು. “ತಮ್ಮಾ, ಕಿವಿ ಕಟ್ಟಿಕೋ,” ಅಂದಳು. ಪಕ್ಕದ ಸೀಟಿನ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ನಾನು ಟಾವೆಲ್ಲಿನಿಂದ ಕಿವಿ ಕಟ್ಟಿಕೊಂಡೆ. ಶೆಕೆಗಾಲವಿತ್ತು. ಆದರೂ ಕಟ್ಟಿಕೊಂಡೆ.

ಹೀಗೆ ಹೆಸರು ಮನೆಗೆ ಬಂತು. ಬಂದದ್ದು ಉಳಿಯುತ್ತದೆಯೇ ಎಂಬ ಚಿಂತೆಯೂ ಅದರ ಜೊತೆಗೇ ಬಂತು. ದಸ್ತಗೀರ ಮಾಸ್ತರರು ಈ ವರ್ಷ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಹೊಸ ಸರ್ ಬರುತ್ತಾರಂತೆ. ನಿನ್ನೆ ಅಂಗಡಿಗೆ ಬಂದವರೊಬ್ಬರು ಅವರನ್ನು ಬಹಳ ಹೊಗಳಿದರು. ಅವರ ಗಂಟಲು ಭಾರಿ ಇದೆಯಂತೆ, ಶೀಟಿ ಕೈಯಲ್ಲಿ ಮುಟ್ಟುವುದಿಲ್ಲವಂತೆ, ಎಲ್ಲ ಬಾಯಿಯಿಂದಲೇ ಅಂತೆ. ನಾನು ಆ ಗಿರಾಕಿಗೆ ಎರಡು ಮೀಟರ್ ಹೆಚ್ಚಿಗೆ ಅರಿವೆ ಹರಿದುಕೊಟ್ಟದ್ದು ಆಮೇಲೆ ತಿಳಿಯಿತು. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ. ಹೇಳುವುದಿಲ್ಲ. ಯಾರಾದರೂ ಬಂದು ಹೇಳುವ ತನಕ ಎಷ್ಟು ದಿನ ಸಿಗುತ್ತವೋ ಅಷ್ಟು.

ಹಿತ್ತಲಲ್ಲಿ ಕೊಡ ತಿಕ್ಕಿ ಮುಗಿಯಿತು. ಹುಳಿ ನೀರು ಕಲ್ಲಿನ ಮೇಲೆ ಹರಿದು ನನ್ನ ಕಾಲಿಗೆ ಬಂದು ತಾಗುತ್ತಿದೆ. ನಾನು ಇನ್ನೂ ಎಡ, ಬಲ ಮಾಡುತ್ತಲೇ ನಿಂತಿದ್ದೇನೆ, ತುಂಬಿ ತಂದ ಚರಿಗೆ ಕೈಯಲ್ಲಿ ತುಳುಕುತ್ತಿದೆ.

“ತಮ್ಮಾ,” ಅವ್ವ ತಲೆ ಎತ್ತದೆ ಅಂದಳು, “ನೀರ ಹಾಕ.”

ಒಂದು, ಎರಡು. ಕಾಲು ಕೂಡಿಸಿದೆ. ನೀರು ಹಾಕಿದೆ.